ತರಬೇತಿ ಬೇಡ, ವಾರದ ನಡುವೆ ಎರಡು ಬೆಳಗು ಕೊಡಿ

ಗಿಡಗಳ ಬಗ್ಗೆ ಏನೂ ಗೊತ್ತಿಲ್ಲ, ಭಾನುವಾರ ಮಾತ್ರ ಬಿಡುವು. ಬಾಗಲಕೋಟೆಯ ನಮ್ಮ ಬಡಾವಣೆಯ ಕೈತೋಟ ಸಂಘಕ್ಕೆ ಈಗಲೇ ಸೇರಲೇ, ಮೊದಲು ತರಬೇತಿ ಪಡೆಯಲೇ ಎಂದು ಕೇಳಿದ್ದೀರಿ. ತರಬೇತಿಯ ಚಿಂತೆ ಬಿಡಿ. ತೊಂದರೆ ಇರುವುದು ಆ ಭಾನುವಾರದಲ್ಲಿ.

ನವನಗರದ ನಮ್ಮ ಸೆಕ್ಟರಿನಲ್ಲಿ ಸಂಘ ಶುರುವಾದಾಗ ನಾನೂ ಭಾನುವಾರದವನೇ. ಜಾಗವೆಲ್ಲ ಗರಸು ಕಲ್ಲುಮಣ್ಣು, ಅದರ ಮೇಲೆ ಎರೆಮಣ್ಣು ತಂದು ಹಾಕಿದ್ದೆವು. ಬದನೆ ಮಡಿಗಳಿಗೆ ನೀರು ಬಿಡುವುದು ನನ್ನ ಪಾಲಿನ ಕೆಲಸ. ವಾರವಿಡೀ ಬರಲಾಗದ್ದನ್ನು ಒಂದೇ ದಿನದಲ್ಲಿ ಸರಿದೂಗಿಸಲು ಮಡಿ ತುಂಬಿ ನಿಲ್ಲುವವರೆಗೆ ಪೈಪು ಬಿಡುತ್ತಿದ್ದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಳಗಿನ ಸಂದು ಮುಚ್ಚಿ ಬೇರಿಗೆ ಗಾಳಿಯಾಡುವುದಿಲ್ಲ. ಒಣಗಿದರೆ ಕುಗ್ಗಿ ಬಿರಿಯುತ್ತದೆ, ಬಿರಿಯುವಾಗ ಎಳೆಬೇರು ಹರಿಯುತ್ತವೆ. ನನ್ನ ಗಿಡಗಳು ವಾರದ ಮೊದಲಿಗೆ ಉಸಿರುಗಟ್ಟಿ, ವಾರದ ಕೊನೆಗೆ ಬೇರು ಹರಿದುಕೊಂಡು ನಿಲ್ಲುತ್ತಿದ್ದವು. ಬೇರು ಕೊಳೆತ ಗಿಡವೂ ಬಾಯಾರಿದ ಗಿಡದ ಹಾಗೆಯೇ ಎಲೆ ಜೋತು ಬೀಳಿಸುತ್ತದೆ. ಅದನ್ನು ಕಂಡು ಇನ್ನಷ್ಟು ನೀರು ಬಿಟ್ಟೆ. ಕೊನೆಗೆ ಒಂದನ್ನು ಕಿತ್ತಾಗ ಬೇರಿನ ಸಿಪ್ಪೆ ಬೆರಳಿಗೇ ಸುಲಿದು ಬಂತು, ಕೊಳೆತ ನಾತದೊಂದಿಗೆ.

ಗಿಡ ಸತ್ತರೆ ಮತ್ತೆ ಹಚ್ಚಬಹುದು. ಆದರೆ ಆ ಸಸಿಗಳನ್ನು ಮಾಡಿಕೊಟ್ಟಿದ್ದ, ನಾವೆಲ್ಲ ಕಾಕು ಎಂದು ಕರೆಯುವ ಹಿರಿಯಾಕೆ ಸಂಘಕ್ಕೆ ಬರುವುದನ್ನೇ ಬಿಟ್ಟರು. ಆಲಮಟ್ಟಿಯ ಹಿನ್ನೀರಿಗೆ ಮನೆ, ಹಿತ್ತಲು ಎರಡನ್ನೂ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ಅವರು. ದಿನವೂ ನಸುಕಿನಲ್ಲಿ ಬಂದು ಹೋಗುತ್ತಿದ್ದರು, ನಾನು ಬರುತ್ತಿದ್ದುದು ಬಿಸಿಲೇರಿದ ಮೇಲೆ. ಆಮೇಲೆ ಅವರ ಮನೆಗೇ ಹೋಗಿ ಕೇಳಿದೆ. ‘ನಾಲ್ಕು ಬೆರಳು ಕೆಳಗಿನ ಮಣ್ಣು ಹಿಡಿದು ಹಿಚುಕಿ ನೋಡು ತಮ್ಮಾ. ಉಂಡೆಯಾದರೆ ನೀರು ಬೇಡ, ಉದುರಿದರೆ ಕೊಡು’ ಎಂದರು. ಯಾವ ತರಬೇತಿಗೂ ಕಾಯದೆ ನಾನು ಕಲಿಯಬಹುದಾಗಿದ್ದ ಪಾಠ ಅದು.

ಆದ್ದರಿಂದ ಕಚೇರಿಗೆ ಹೋಗುವ ಮುನ್ನ, ವಾರದ ನಡುವೆ ಎರಡು ಬೆಳಗು ಅರ್ಧರ್ಧ ಗಂಟೆ ಕೊಡಿ. ಅದೂ ಆಗದಿದ್ದರೆ ನೀರಿನ ಕೆಲಸ ಒಪ್ಪಿಕೊಳ್ಳಬೇಡಿ; ಭಾನುವಾರ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ತಂದು ಬುಡಕ್ಕೆ ಹೊದಿಸಿ, ತೇವ ಆರದೆ ಉಳಿದು ಬಿರುಕು ಕಡಿಮೆಯಾಗುತ್ತದೆ. ಗಿಡಕ್ಕೆ ರೋಗ ಕಂಡರೆ ಬೇರು ಸಮೇತ ಕಿತ್ತು ಉದ್ಯಾನಗಿರಿಗೆ, ಅಂದರೆ ತೋಟಗಾರಿಕೆ ವಿಶ್ವವಿದ್ಯಾಲಯದ ಆವರಣಕ್ಕೆ, ಒಯ್ದು ತೋರಿಸಿ. 2008ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯ ನಮ್ಮೂರಿನಲ್ಲೇ ಇರುವಾಗ ಊಹೆಯ ಮೇಲೆ ಔಷಧಿ ಹೊಡೆಯುವುದು ತಪ್ಪು.

ಸಸಿ ನೆಡುವ ಜೂನ್‌ನಲ್ಲಿ ಜನ ತಾವಾಗಿಯೇ ಬರುತ್ತಾರೆ. ಏಪ್ರಿಲ್‌ನ ನೀರಿನ ಪಾಳಿಗೆ ಯಾರೂ ಸಿಗುವುದಿಲ್ಲ. ನಿಮ್ಮ ಹೆಸರನ್ನು ಅಲ್ಲಿ ಬರೆಸಿ.