ಬಿಡಿಸಿದ ಲೆಕ್ಕದ ಫೋಟೋ ಕಳಿಸಬೇಡ, ಪ್ರಶ್ನೆ ಕೇಳು

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಫಿಸಿಕ್ಸ್ ಪ್ರಾಬ್ಲಂಗಳು ನನಗೆ ಬೇಗ ಬರುತ್ತವೆ. ರಾತ್ರಿಯಾದರೆ ಸಾಕು, ಗೆಳತಿಯರು ವಾಟ್ಸಾಪ್‌ನಲ್ಲಿ ಪ್ರಶ್ನೆ ಹಾಕಿ ‘ಬಿಡಿಸಿ ಕಳಿಸೇ’ ಅನ್ನುತ್ತಾರೆ. ಕಳಿಸುತ್ತೇನೆ. ಆದರೆ ಟೆಸ್ಟ್‌ನಲ್ಲಿ ಅದೇ ಥರದ ಪ್ರಶ್ನೆ ಬಂದಾಗ ಅವರಿಗೆ ಬರೆಯಲು ಆಗಲಿಲ್ಲ. ‘ಊರವರಿಗೆಲ್ಲ ಹೇಳಿಕೊಟ್ಟು ನಿನ್ನ ಓದು ಹಾಳು’ ಅಂತ ಅಮ್ಮ ಬೈಯುತ್ತಾರೆ. ಹೇಳಿಕೊಡುವುದನ್ನು ನಿಲ್ಲಿಸಬೇಕಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಲ್ಲಿಸಬೇಡಮ್ಮ. ಫೋಟೋ ಕಳಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸು.

ಬಿಡಿಸಿದ ಲೆಕ್ಕವನ್ನು ನೋಡಿದರೆ ಎಲ್ಲವೂ ಅರ್ಥವಾದ ಹಾಗೇ ಅನ್ನಿಸುತ್ತದೆ. ಯಾವ ಸೂತ್ರ, ಎಲ್ಲಿ ಮೈನಸ್ ಅಂತ ನೀನು ಮೊದಲೇ ತೀರ್ಮಾನ ಮಾಡಿ ಕೊಟ್ಟಿರುತ್ತೀಯ. ಪರೀಕ್ಷೆಯಲ್ಲಿ ಬೇಕಾಗುವುದು ಆ ತೀರ್ಮಾನವೇ ಅಲ್ವಾ? ಅದನ್ನು ಮಾಡುವ ಅವಕಾಶ ಅವರಿಗೆ ಒಮ್ಮೆಯೂ ಸಿಕ್ಕಿಲ್ಲ.

ಒಂದು ಲೆಕ್ಕ ತಗೋ. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ? ನಿನ್ನ ಗೆಳತಿಗೆ 12 ಸೆಂ.ಮೀ. ಬಂತು ಅಂದುಕೋ. ವಸ್ತುವಿನ ದೂರಕ್ಕೆ ಮೈನಸ್ ಹಾಕುವುದನ್ನು ಮರೆತಿದ್ದಾಳೆ. ಸರಿಯಾದ ಉತ್ತರ 60. ‘ಮೈನಸ್ ಬಿಟ್ಟಿದ್ದೀಯ’ ಅಂತ ಹೇಳಿಬಿಟ್ಟರೆ ಅರ್ಧ ನಿಮಿಷದ ಕೆಲಸ. ಮುಂದಿನ ಲೆಕ್ಕದಲ್ಲಿ ಮತ್ತೆ ಬಿಡುತ್ತಾಳೆ. ಹಾಗೆ ಹೇಳುವ ಬದಲು ಕೇಳು: ‘ತುಂಬಾ ದೂರದ ವಸ್ತುವಿನ ಪ್ರತಿಬಿಂಬ ಎಲ್ಲಿ ಬೀಳುತ್ತೆ?’ 20ರಲ್ಲಿ ಅನ್ನುತ್ತಾಳೆ. ‘ವಸ್ತು ಲೆನ್ಸಿನ ಕಡೆ ಬರ್ತಾ ಬಂದರೆ, ಆಚೆ ಬದಿಯ ಪ್ರತಿಬಿಂಬ ಹತ್ತಿರ ಬರುತ್ತಾ, ದೂರ ಹೋಗುತ್ತಾ?’ ಚಿತ್ರ ಬರೆದು ನೋಡಿದರೆ ದೂರ ಹೋಗುತ್ತದೆ ಅಂತ ಅವಳಿಗೇ ಗೊತ್ತಾಗುತ್ತದೆ. ಅಂದಮೇಲೆ 12 ಬರಲು ಸಾಧ್ಯವೇ ಇಲ್ಲ. ತಪ್ಪು ಎಲ್ಲಿ ಅಂತ ಅವಳೇ ಹುಡುಕುತ್ತಾಳೆ. ಹುಡುಕಲು ಹತ್ತು ನಿಮಿಷ ಹಿಡಿದರೂ ಹಿಡಿಯಲಿ, ಪೆನ್ನು ಅವಳ ಕೈಯಲ್ಲೇ ಇರಲಿ. ನೀನು ಕಿತ್ತುಕೊಳ್ಳಬೇಡ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪಾಠ ಮಾಡುವ ಎರಿಕ್ ಮಜೂರ್ 1991ರಲ್ಲಿ ಇದನ್ನು ತರಗತಿಯ ಒಳಗೇ ತಂದರು. ಅವರು ಒಂದು ಪ್ರಶ್ನೆ ಕೊಡುತ್ತಾರೆ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು, ಮತ್ತೆ ಉತ್ತರ ಹೇಳಬೇಕು. ಪಾಠವನ್ನು ನಿನ್ನೆ ಮೊನ್ನೆ ಅರ್ಥ ಮಾಡಿಕೊಂಡವರಿಗೆ ಅದು ಎಲ್ಲಿ ಕಷ್ಟ ಅಂತ ಇನ್ನೂ ನೆನಪಿರುತ್ತದೆ. ನಮ್ಮಂಥ ಮೇಷ್ಟ್ರುಗಳಿಗೆ ಅದು ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಹಾಗಾಗಿ ನಿನ್ನ ಮಾತು ಅವರಿಗೆ ನಮ್ಮ ಪಾಠಕ್ಕಿಂತ ಬೇಗ ತಲುಪಬಹುದು.

ನಿಮ್ಮ ಗುಂಪಿನಲ್ಲೂ ಹೀಗೇ ಮಾಡಿ. ಮೊದಲು ಎಲ್ಲರೂ ಸುಮ್ನೆ ಕೂತು ಬರೆಯಿರಿ, ಆಮೇಲೆ ಮಾತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿದ್ದರೆ, ಲೆಕ್ಕ ಏನು ಕೇಳುತ್ತಿದೆ ಅಂತ ಮೊದಲು ಕನ್ನಡದಲ್ಲೇ ಹೇಳಲಿ. ಎಷ್ಟೋ ಮಕ್ಕಳು ಸೋಲುವುದು ಅಲ್ಲೇ, ಸೂತ್ರದಲ್ಲಿ ಅಲ್ಲ. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುವುದೂ ಒಳ್ಳೆಯದು. ಸೂತ್ರ, ಬೆಲೆ ಹಾಕಿದ ಸಾಲು, ಏಕಮಾನ ಎಲ್ಲಕ್ಕೂ ಹಂತ ಹಂತವಾಗಿ ಅಂಕ ಬರುತ್ತದೆ. ಬೇರೆಯವರ ಹಾಳೆಯಲ್ಲಿ ಏಕಮಾನ ಬಿಟ್ಟಿದ್ದನ್ನು ಕಂಡುಹಿಡಿದವರು ತಮ್ಮ ಹಾಳೆಯಲ್ಲಿ ಬಿಡುವುದು ಕಡಿಮೆ.

ನಿನ್ನದೇ ಪ್ರಶ್ನೆ ಮಾಡಿಯೂ ಕೊಡು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ನಿಮಗೆ ಗೊತ್ತಲ್ಲ. ಪೂರ್ತಿ ತುಂಬಿದಾಗ 130 ಅಡಿ, ಅಂದರೆ ಸುಮಾರು 40 ಮೀಟರ್ ನೀರು. ತಳದಲ್ಲಿ ನೀರಿನ ಒತ್ತಡ ಎಷ್ಟು? ಸುಮಾರು 3.9 ಲಕ್ಷ ಪಾಸ್ಕಲ್, ವಾತಾವರಣದ ಒತ್ತಡದ ಹತ್ತಿರ ಹತ್ತಿರ ನಾಲ್ಕು ಪಟ್ಟು. ಅಣೆಕಟ್ಟಿನ ಗೋಡೆ ಕೆಳಗೆ ಯಾಕೆ ಅಷ್ಟು ದಪ್ಪ ಅಂತ ಆಗ ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಇದು ಫಸ್ಟ್ ಪಿಯುಸಿ ಪಾಠ, ಆದರೆ ಸಿಇಟಿಗೆ ಬೇಕು.

ಅಮ್ಮ ಹೇಳುವುದರಲ್ಲೂ ನ್ಯಾಯವಿದೆ. ರಾತ್ರಿಯ ಹೊತ್ತು ನಿನ್ನ ಓದಿಗೇ ಇರಲಿ. ಕಾಲೇಜು ಬಿಟ್ಟ ಮೇಲೆ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ ಸಾಕು. ಗುಂಪಿನಲ್ಲಿ ನಾಲ್ಕು ಜನಕ್ಕಿಂತ ಜಾಸ್ತಿ ಬೇಡ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 80 ನಿಮಿಷದಲ್ಲಿ 60 ಪ್ರಶ್ನೆ. ಆ ವೇಗಕ್ಕೆ ಗಡಿಯಾರ ಇಟ್ಟುಕೊಂಡು ಒಬ್ಬಳೇ ಅಭ್ಯಾಸ ಮಾಡಬೇಕು, ಅದಕ್ಕೆ ಗುಂಪು ಬೇಡ. ರಾತ್ರಿ ಯಾರಾದರೂ ಪ್ರಶ್ನೆ ಕಳಿಸಿದರೆ ‘ನೀನು ಎಲ್ಲಿವರೆಗೆ ಬರೆದಿದ್ದೀಯ, ಅದರ ಫೋಟೋ ಕಳಿಸು, ನಾಳೆ ನೋಡೋಣ’ ಅನ್ನು.