ಹೆದರಿಕೆಯ ವಾಸನೆ ಹಿಡಿಯುವ ರೋಗಾಣು

ಪತ್ರ: ಪಿಯುಸಿ ಪರೀಕ್ಷೆ ಹತ್ತಿರ ಬಂದರೆ ಮಗಳಿಗೆ ಹೊಟ್ಟೆ ಕೆಡುತ್ತದೆ. ಈ ಸಲ ಜ್ವರವೂ ಬಂತು, ಡಾಕ್ಟರು ಇನ್‌ಫೆಕ್ಷನ್ ಅಂದರು. ಮನೆಯಲ್ಲಿ ಎಲ್ಲರೂ ‘ಹೆದರಿ ಹೆದರಿ ನೀನೇ ತಂದುಕೊಂಡೆ’ ಅನ್ನುತ್ತಾರೆ. ಹೆದರಿಕೆಗೂ ರೋಗಾಣುವಿಗೂ ಸಂಬಂಧ ಇದೆಯಾ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

‘ನೀನೇ ತಂದುಕೊಂಡೆ’ ಅನ್ನುವ ಮಾತು ಓದಿ ಬೇಜಾರಾಯಿತು. ದಯವಿಟ್ಟು ಆ ಮಾತು ನಿಲ್ಲಿಸಿ ಅಮ್ಮಾ. ರೋಗಾಣು ಬಂದದ್ದು ನೀರಿನಿಂದಲೋ, ಊಟದಿಂದಲೋ, ಕೈಯಿಂದಲೋ. ಹೆದರಿಕೆಯಿಂದ ಅದು ಹುಟ್ಟುವುದಿಲ್ಲ.

ಪರೀಕ್ಷೆಯ ಬೆಳಿಗ್ಗೆ ಸುಮ್ನೆ ನಾಲ್ಕು ಸಲ ಟಾಯ್ಲೆಟ್ಟಿಗೆ ಓಡುವುದು ಕರುಳಿನ ನರಗಳ ಕೆಲಸ. ಅದಕ್ಕೆ ರೋಗಾಣು ಬೇಕಿಲ್ಲ. ಆದರೆ ರೋಗಾಣು ಒಳಗೆ ಸೇರಿದ ಮೇಲೆ? ಆಗ ಹೆದರಿಕೆಗೂ ಅದಕ್ಕೂ ನಂಟು ಇದೆ.

ಒತ್ತಡದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಅದಕ್ಕೇ ಕಾಯಿಲೆ ಬರುತ್ತದೆ ಅಂತ ಕೇಳಿದ್ದೇವೆ, ಅಲ್ವಾ? 1992ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಕ್ ಲೈಟ್ ತಮ್ಮ ಸಹೋದ್ಯೋಗಿಯ ಜೊತೆ ಬೇರೆ ದಾರಿ ಹಿಡಿದರು. ಸೀರಂ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ರಕ್ತದ ತಿಳಿ, ಬೆರೆಸಿದ ದ್ರವದಲ್ಲಿ ಕರುಳಿನ ಈ. ಕೋಲಿಯಂಥ ಬ್ಯಾಕ್ಟೀರಿಯಾ ಬಿಟ್ಟು, ಒತ್ತಡದ ಹಾರ್ಮೋನು ನಾರ್‌ಎಪಿನೆಫ್ರಿನ್ ಸೇರಿಸಿದರು. ಅಲ್ಲಿ ಕಾದಾಡಲು ಒಂದು ಬಿಳಿ ರಕ್ತಕಣವೂ ಇರಲಿಲ್ಲ. ಆದರೂ ಹಾರ್ಮೋನು ಇದ್ದ ಕಡೆ ಬ್ಯಾಕ್ಟೀರಿಯಾ ತುಂಬಾ ಜಾಸ್ತಿ ಬೆಳೆಯಿತು.

ಗುಟ್ಟು ಇದ್ದದ್ದು ಕಬ್ಬಿಣದಲ್ಲಿ. ಕಬ್ಬಿಣವಿಲ್ಲದೆ ಈ ಬ್ಯಾಕ್ಟೀರಿಯಾ ಬೆಳೆಯಲಾರದು. ಅದಕ್ಕೇ ನಮ್ಮ ರಕ್ತದ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ನಾರ್‌ಎಪಿನೆಫ್ರಿನ್ ಆ ಹಿಡಿತ ಸಡಿಲಿಸುತ್ತದೆ. ಕಾಯುತ್ತಿದ್ದ ಬ್ಯಾಕ್ಟೀರಿಯಾ ಅದನ್ನು ಎಳೆದುಕೊಳ್ಳುತ್ತದೆ.

ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ರಕ್ತಭೇದಿ ತರುವ ಈ. ಕೋಲಿ ಓ157 ಒತ್ತಡದ ಇನ್ನೊಂದು ಹಾರ್ಮೋನಾದ ನಮ್ಮ ಅಡ್ರಿನಲಿನ್ನನ್ನು ಗುರುತಿಸುತ್ತದೆ ಅಂತ ವಿಜ್ಞಾನಿ ವನೆಸ್ಸಾ ಸ್ಪೆರಾಂಡಿಯೊ ಅವರ ತಂಡ 2003ರಲ್ಲಿ ತೋರಿಸಿತು. ಗುರುತಿಸುವ ಪ್ರೋಟೀನು ಯಾವುದು ಅಂತ 2006ರಲ್ಲಿ ಗೊತ್ತಾಯಿತು: ಕ್ಯೂಎಸ್ಇಸಿ. ಅದು ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೂತಿರುತ್ತದೆ. ಹಾರ್ಮೋನು ತಾಗಿದರೆ ಒಳಗೆ ಸುದ್ದಿ ಮುಟ್ಟುತ್ತದೆ. ಬ್ಯಾಕ್ಟೀರಿಯಾ ಈಜುವ ಬಾಲ ಕಟ್ಟಿಕೊಳ್ಳುತ್ತದೆ, ಕರುಳಿನ ಗೋಡೆಗೆ ಅಂಟುವ ಸಾಮಾನು ತಯಾರು ಮಾಡುತ್ತದೆ. ಅಂಟಿದ ಜಾಗದಲ್ಲಿ ನಮ್ಮದೇ ಜೀವಕೋಶ ಪೀಠದ ಹಾಗೆ ಮೇಲೆದ್ದು ಅದನ್ನು ಹೊತ್ತು ನಿಲ್ಲುತ್ತದೆ. ಸೂಕ್ಷ್ಮದರ್ಶಕದ ಆ ಚಿತ್ರ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಕ್ಯೂಎಸ್ಇಸಿ ತೆಗೆದುಹಾಕಿದ ಬ್ಯಾಕ್ಟೀರಿಯಾ ಮೊಲಗಳಲ್ಲಿ ಅಷ್ಟು ಕಾಯಿಲೆ ತರಲಿಲ್ಲ.

ಅಂದರೆ ನಿಮ್ಮ ಮಗಳ ಮನಸ್ಸು ದುರ್ಬಲ ಅಂತಲ್ಲ. ನಮ್ಮ ದೇಹದ ಒಳಮಾತನ್ನು ಕದ್ದು ಕೇಳುವುದು ರೋಗಾಣುವಿನ ಹಳೇ ಅಭ್ಯಾಸ. ಕರುಳಿನ ನರಗಳು ನಾರ್‌ಎಪಿನೆಫ್ರಿನ್ ಬಿಡುವುದು ಎಲ್ಲರಲ್ಲೂ ಇದೆ, ಧೈರ್ಯವಂತರಲ್ಲೂ.

ಪರೀಕ್ಷೆಯ ವಾರ ಕಾಯಿಸಿ ಆರಿಸಿದ ನೀರು ಕೊಡಿ. ಹೊರಗಿನ ಚಟ್ನಿ, ಪಾನಿಪುರಿ ಬೇಡ. ಭೇದಿಯಾದರೆ ಓಆರ್‌ಎಸ್ ಕುಡಿಸಿ. ಮಲದಲ್ಲಿ ರಕ್ತ ಕಂಡರಂತೂ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಕೊಡಬೇಡಿ. ಓ157 ಇದ್ದರೆ ಅದರಿಂದ ಮೂತ್ರಪಿಂಡಕ್ಕೆ ಅಪಾಯ ಹೆಚ್ಚಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.