ದೈತ್ಯನ ಪಾಲನ್ನು ದೈತ್ಯನಿಗೆ ಕೊಡಿ

ಪ್ರಿಯ ಲೇಖಕರೇ,

ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ನಡೆಸಿದ 1995ರ ಸರ್ವೈವರ್ ಸೀರೀಸ್ ಕೂಟದಲ್ಲಿ ಬ್ರೆಟ್ ಹಾರ್ಟ್ ಮತ್ತು ಡೀಸಲ್ ನಡುವೆ ನಡೆದ ಪಂದ್ಯದ ಬಗ್ಗೆ ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗೆಂದು ಕೈಬಿಡುವ ಮನಸ್ಸೂ ನನಗಿಲ್ಲ. ಆ ಪಂದ್ಯ ನಿಮ್ಮನ್ನು ಎಷ್ಟು ಹಿಡಿದಿದೆ ಎಂಬುದು ಬರವಣಿಗೆಯಲ್ಲಿ ಕಾಣುತ್ತದೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಕ್ಯಾಲ್ಗರಿಯ ಹಾರ್ಟ್ ಮನೆತನ, ತಂದೆ ಸ್ಟೂ ಹಾರ್ಟ್ ನೆಲಮಾಳಿಗೆಯಲ್ಲಿ ಕೊಡುತ್ತಿದ್ದ ಕಠಿಣ ತರಬೇತಿ, ಗುಲಾಬಿ ಮತ್ತು ಕಪ್ಪು ಬಣ್ಣದ ಉಡುಪು, ಇವೆಲ್ಲ ನಿಜವೇ. ಆದರೆ ಪಂದ್ಯಕ್ಕೆ ಬರುವಷ್ಟರಲ್ಲಿ ಓದುಗ ದಣಿದಿರುತ್ತಾನೆ. ಹಿನ್ನೆಲೆಗೆ ನಿಜವಾಗಿ ಬೇಕಾದ ಸಂಗತಿಯನ್ನೇ ನೀವು ಬಿಟ್ಟಿದ್ದೀರಿ. ಹಿಂದಿನ ವರ್ಷದ ಸರ್ವೈವರ್ ಸೀರೀಸ್‌ನಲ್ಲಿ ಅರ್ಧ ಗಂಟೆ ದಾಟಿದ ಕಾದಾಟದ ಬಳಿಕ ಬ್ರೆಟ್ ತನ್ನ ಚಾಂಪಿಯನ್ ಪಟ್ಟವನ್ನು ಬಾಬ್ ಬ್ಯಾಕ್‌ಲಂಡ್‌ಗೆ ಒಪ್ಪಿಸಬೇಕಾಯಿತು. ಮೂರು ದಿನಗಳ ನಂತರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೀಸಲ್ ಅದೇ ಬ್ಯಾಕ್‌ಲಂಡ್‌ನನ್ನು 8 ಸೆಕೆಂಡಿನಲ್ಲಿ ಮುಗಿಸಿದ. ಡೀಸಲ್ ಎಷ್ಟು ಬಲಶಾಲಿ ಎಂದು ಹೇಳಲು ನೀವು ಬಳಸಿದ ವಿಶೇಷಣಗಳೆಲ್ಲ ಈ ಎರಡು ಅಂಕಿಗಳ ಮುಂದೆ ಸಪ್ಪೆ. ಮುಂದೆ ಹೆಚ್ಚುಕಡಿಮೆ ಒಂದು ವರ್ಷ ಪಟ್ಟ ಅವನ ಬಳಿಯೇ ಉಳಿಯಿತು. ಇವರಿಬ್ಬರ ಹಿಂದಿನ ಎರಡು ದೊಡ್ಡ ಮುಖಾಮುಖಿಗಳು ಹೊರಗಿನವರ ನುಗ್ಗಾಟದಿಂದ ಕೆಟ್ಟಿದ್ದವು. ಮೂರನೆಯದಾದ ಈ ಪಂದ್ಯಕ್ಕೆ ಅನರ್ಹತೆಯ ನಿಯಮವೇ ಇರಲಿಲ್ಲ. ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿ, ನೇರವಾಗಿ ರಿಂಗ್‌ಗೆ ಇಳಿಯಿರಿ.

ಈಗ ನನ್ನ ಮುಖ್ಯ ತಕರಾರು. ನಿಮ್ಮ ಲೇಖನದಲ್ಲಿ ಕುಸ್ತಿಪಟು ಒಬ್ಬನೇ ಇದ್ದಾನೆ. ಬ್ರೆಟ್ ಪಟ್ಟು ಹಾಕುತ್ತಾನೆ, ಬ್ರೆಟ್ ಯೋಚಿಸುತ್ತಾನೆ, ಬ್ರೆಟ್ ಸಹಿಸುತ್ತಾನೆ. ಡೀಸಲ್ ಬರೀ ಎದುರಿಗೆ ನಿಂತ ಗೋಡೆ. ಆದರೆ ಸುಮಾರು ಏಳು ಅಡಿ ಎತ್ತರದ ಆಳಿನ ಕಾಲು ನೋಯುತ್ತಿದೆ ಎಂದು ಸಾವಿರಾರು ಜನ ನಂಬಿದ್ದು ಬ್ರೆಟ್ ಆ ಕಾಲನ್ನು ತಿರುಚಿದ್ದರಿಂದ ಮಾತ್ರವಲ್ಲ. ಡೀಸಲ್ ಆ ನೋವನ್ನು ಹೊತ್ತು ನಡೆದ ರೀತಿಯಿಂದಲೂ ಹೌದು. ಬ್ರೆಟ್ ಕೇಬಲ್ ತಂದು ಅವನ ಕಾಲನ್ನು ಮೂಲೆಯ ಕಂಬಕ್ಕೆ ಕಟ್ಟುವ ಸನ್ನಿವೇಶವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಿ. ಎಲ್ಲರನ್ನೂ ಎತ್ತಿ ಎಸೆಯುವವನು ಈಗ ಹಗ್ಗದಳತೆಯಷ್ಟೇ ಚಲಿಸಬಲ್ಲ. ಅವನ ಎತ್ತರ ಅಲ್ಲಿಯೇ ಇದೆ, ತೋಳಿನ ಬಲವೂ ಇದೆ, ಆದರೆ ತಲುಪುವ ದೂರವನ್ನು ಚಿಕ್ಕವನು ನಿರ್ಧರಿಸಿದ್ದಾನೆ. ದೈತ್ಯನ ವಿರುದ್ಧ ತಂತ್ರ ಎಂದರೆ ಏನು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ದೃಶ್ಯ ಆ ಪಂದ್ಯದಲ್ಲಿ ಇನ್ನೊಂದಿಲ್ಲ.

ಬ್ರೆಟ್ ರಿಂಗ್‌ನ ಅಂಚಿನಿಂದ ವೀಕ್ಷಕ ವಿವರಣೆಗಾರರ ಮೇಜಿನ ಮೇಲೆ ಬಿದ್ದು, ಮೇಜು ಮುರಿಯುವ ಭಾಗವನ್ನು ನೀವು ಚೆನ್ನಾಗಿಯೇ ಬರೆದಿದ್ದೀರಿ. ಅದನ್ನು ಮುಟ್ಟಬೇಡಿ.

ಕೊನೆಯ ಭಾಗದಲ್ಲಿ ಮಾತ್ರ ನಿಮ್ಮ ಅಭಿಮಾನ ನಿಮ್ಮ ಕಣ್ಣಿಗೆ ಅಡ್ಡ ಬಂದಿದೆ. ‘ಕೊನೆಗೂ ಶುದ್ಧ ಕೌಶಲ ಗೆದ್ದಿತು’ ಎಂದು ಬರೆದಿದ್ದೀರಿ. ಅಲ್ಲಿ ಗೆದ್ದದ್ದು ಮೋಸ. ಮೇಜಿನ ಮೇಲೆ ಬಿದ್ದ ಬ್ರೆಟ್‌ನನ್ನು ಡೀಸಲ್ ರಿಂಗ್‌ಗೆ ಎಳೆದು ತರುತ್ತಾನೆ. ಎದುರಾಳಿಯನ್ನು ಮೇಲಕ್ಕೆತ್ತಿ ಬೆನ್ನಡಿಯಾಗಿ ಅಪ್ಪಳಿಸುವ ತನ್ನ ಜಾಕ್‌ನೈಫ್ ಪಟ್ಟಿಗೆ ಎತ್ತಲು ಹೋದರೆ ಬ್ರೆಟ್ ನಿಲ್ಲಲೂ ಆಗದವನಂತೆ ಕುಸಿಯುತ್ತಾನೆ. ಅವನನ್ನು ಮತ್ತೆ ಎತ್ತಲು ಡೀಸಲ್ ಬಗ್ಗುತ್ತಾನೆ. ಅಷ್ಟೇ ಸಾಕು. ಬ್ರೆಟ್ ಅವನನ್ನು ಸ್ಮಾಲ್ ಪ್ಯಾಕೇಜ್ ಎಂಬ ಪಟ್ಟಿನಲ್ಲಿ ಉಂಡೆಯಂತೆ ಸುತ್ತಿ, ಭುಜಗಳನ್ನು ನೆಲಕ್ಕೊತ್ತಿ ರೆಫರಿ ಮೂರು ಎಣಿಸುವವರೆಗೆ ಹಿಡಿದಿಟ್ಟು ಪಟ್ಟ ಗೆಲ್ಲುತ್ತಾನೆ. ಆ ಹೊತ್ತಿಗೆ ಸುಮಾರು 25 ನಿಮಿಷ ಕಳೆದಿದೆ, ಆ ಅವಧಿಯಲ್ಲಿ ಬ್ರೆಟ್‌ನ ಯಾವ ಪಟ್ಟಿಗೂ ದೈತ್ಯ ಶರಣಾಗಿರಲಿಲ್ಲ. ಅವನನ್ನು ಬೀಳಿಸಿದ್ದು ಎದುರಾಳಿ ಮುಗಿದ ಎಂದು ತಾನೇ ಮಾಡಿಕೊಂಡ ತೀರ್ಮಾನ.

ಹೋಲಿಸಬೇಕೆನಿಸಿದರೆ ಬ್ರೆಟ್‌ನದೇ ಹಿಂದಿನ ದೈತ್ಯನನ್ನು ನೆನಪಿಸಿಕೊಳ್ಳಿ. 1993ರ ರೆಸಲ್‌ಮೇನಿಯಾ ಕೂಟದಲ್ಲಿ ಯೊಕೊಜುನಾ ಬ್ರೆಟ್‌ನ ಕಾಲು ತಿರುಚುವ ಪಟ್ಟು ಶಾರ್ಪ್‌ಶೂಟರ್‌ನಲ್ಲಿ ಸಿಕ್ಕಿಬಿದ್ದಾಗ ಅವನ ಮ್ಯಾನೇಜರ್ ಫುಜಿ ಬ್ರೆಟ್‌ನ ಕಣ್ಣಿಗೆ ಉಪ್ಪು ಎರಚಿದ, ಬ್ರೆಟ್ ಸೋತ. ಮರುವರ್ಷ ಯೊಕೊಜುನಾ ಹಗ್ಗದ ಮೇಲಿಂದ ಆಯತಪ್ಪಿ ತಾನೇ ಬಿದ್ದ, ಬ್ರೆಟ್‌ಗೆ ಪಟ್ಟ ಸಿಕ್ಕಿತು. ಒಂದು ಬಾರಿ ಹೊರಗಿನ ಕೈ, ಇನ್ನೊಂದು ಬಾರಿ ದೈತ್ಯನದೇ ಭಾರ. ಡೀಸಲ್‌ನ ವಿಷಯದಲ್ಲಿ ಮಾತ್ರ ಬ್ರೆಟ್ ಬಲೆಯನ್ನು ತಾನೇ ಹೆಣೆದ. ಈ ಪಂದ್ಯ ಉಳಿದವುಗಳಿಗಿಂತ ಮೇಲು ಎಂದು ನೀವು ಸಾಧಿಸಬೇಕಾದದ್ದು ಇದೇ ಆಧಾರದ ಮೇಲೆ. ಮೋಸ ಎಂದು ಒಪ್ಪಿಕೊಂಡರೆ ಬ್ರೆಟ್ ಚಿಕ್ಕವನಾಗುವುದಿಲ್ಲ. ನನ್ನ ಮಟ್ಟಿಗೆ ಅವನು ಇನ್ನಷ್ಟು ಕುತೂಹಲದ ವ್ಯಕ್ತಿಯಾಗುತ್ತಾನೆ.

‘ಇದೆಲ್ಲ ಮೊದಲೇ ನಿಗದಿಯಾದ ಆಟ ಎಂದು ಗೊತ್ತು, ಆದರೂ’ ಎಂದು ಮೂರು ಕಡೆ ಕ್ಷಮೆ ಕೇಳಿದ್ದೀರಿ. ಮೂರನ್ನೂ ಅಳಿಸಿ. ನಾಟಕದ ವಿಮರ್ಶೆ ಬರೆಯುವವರು ಪಾತ್ರಧಾರಿ ನಿಜವಾಗಿ ಸತ್ತಿಲ್ಲ ಎಂದು ಅಡಿಗಡಿಗೆ ನೆನಪಿಸುವುದಿಲ್ಲ. ಫಲಿತಾಂಶ ನಿಗದಿಯಾಗಿದ್ದರೂ ಅದನ್ನು ನಂಬಿಸುವ ದುಡಿಮೆ ಅಂದೇ, ಆ ರಿಂಗ್‌ನಲ್ಲೇ, ಇಬ್ಬರ ಮೈಮೇಲೆ ನಡೆಯಬೇಕಿತ್ತು. ನೀವು ಬರೆಯಬೇಕಿರುವುದು ಆ ದುಡಿಮೆಯ ಬಗ್ಗೆ.

ಪಂದ್ಯವನ್ನು ಇನ್ನೊಮ್ಮೆ ನೋಡಿ. ಈ ಬಾರಿ ಡೀಸಲ್‌ನ ಮೇಲಿನಿಂದ ಕಣ್ಣು ತೆಗೆಯಬೇಡಿ. ಕಾಲಿಗೆ ಪೆಟ್ಟು ಬಿದ್ದ ನಂತರ ಅವನು ಹೇಗೆ ಎದ್ದ, ಯಾವಾಗ ಹಗ್ಗ ಹಿಡಿದ, ಗುಣಮುಖನಾದಂತೆ ಎಲ್ಲಿ ಓಡಿದ ಎಂಬುದನ್ನು ಬರೆದಿಟ್ಟುಕೊಳ್ಳಿ. ಎಲ್ಲಾದರೂ ಅವನು ನೋವನ್ನು ಮರೆತಿದ್ದರೆ ಅದನ್ನೂ ದಾಕ್ಷಿಣ್ಯವಿಲ್ಲದೆ ಹೇಳಿ. ಸೋತ ಮೇಲೆ ಅವನು ಬ್ರೆಟ್‌ನನ್ನು ಎರಡು ಬಾರಿ ಜಾಕ್‌ನೈಫ್‌ನಿಂದ ನೆಲಕ್ಕೆ ಅಪ್ಪಳಿಸಿದ್ದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದು ಬೇಕೇ ಬೇಕು. ಅಲ್ಲಿಯವರೆಗೆ ಜನರ ಮೆಚ್ಚಿನ ನಾಯಕನಾಗಿದ್ದವನು ಆ ಗಳಿಗೆಯಲ್ಲಿ ಬೇರೆಯೇ ಮನುಷ್ಯನಾಗುತ್ತಾನೆ. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ, ಈಗಿನದಕ್ಕಿಂತ ಮೂರನೆಯ ಒಂದು ಭಾಗ ಕಡಿಮೆ ಇರಲಿ.

ವಿಶ್ವಾಸದಿಂದ,
ಸಂಪಾದಕ